ನೆರೆಮನೆಯ ಸಾಲ, ನಿಮ್ಮ ಬ್ಲಾಗ್

ಪ್ರಶ್ನೆ: ನಾನು ಮಂಗಳೂರಿನ ಕಸಬಾ ಬೆಂಗ್ರೆಯವಳು. ನಗರದ ಒಂದು ಕಾಲೇಜಿನಲ್ಲಿ ಬಿ.ಎ. ಕೊನೆಯ ವರ್ಷ, ಪತ್ರಿಕೋದ್ಯಮವೂ ಒಂದು ವಿಷಯ. ಉಪ್ಪ ಟ್ರಾಲ್ ಬೋಟಿಗೆ ಹೋಗುವವರು. ಬೆಳಿಗ್ಗೆ ಫೆರಿ ದಾಟಿ ಬಂದರಿನ ಧಕ್ಕೆಗೆ ಇಳಿದು, ಅಲ್ಲಿಂದ ಸ್ಟೇಟ್‌ಬ್ಯಾಂಕ್‌ವರೆಗೆ ನಡೆದು ಬಸ್ಸು ಹಿಡಿಯುತ್ತೇನೆ. ಮೊದಲ ವರ್ಷ ಒಬ್ಬರು ಮೇಡಂ ಅಸೈನ್‌ಮೆಂಟಿಗಾಗಿ ಎಲ್ಲರ ಕೈಯಲ್ಲೂ ಬ್ಲಾಗ್ ಮಾಡಿಸಿದ್ದರು. ಮಾರ್ಕು ಸಿಕ್ಕಿದ ಮೇಲೆ ಉಳಿದವರು ಬಿಟ್ಟರು, ನಾನು ಬಿಡಲಿಲ್ಲ. ಫೆರಿಯಲ್ಲಿ ಕೇಳಿದ ಮಾತು, ಮೀನಿನ ಹೆಸರುಗಳು, ನಮ್ಮ ಬ್ಯಾರಿಯಲ್ಲಿ ಮಾತ್ರ ಕೇಳುವ ಶಬ್ದಗಳು, ಹೀಗೆ ಕನ್ನಡದಲ್ಲಿ ಬರೆಯುತ್ತಾ ಬಂದೆ. ಓದುವವರು ಹೆಚ್ಚೇನೂ ಇರಲಿಲ್ಲ.

ಕಳೆದ ಮಳೆಗಾಲ ಬೋಟುಗಳು ನಿಂತಾಗ, ಆ ಎರಡು ತಿಂಗಳು ನಮ್ಮೂರಿನ ಮನೆಗಳು ಹೇಗೆ ನಡೆಯುತ್ತವೆ ಅಂತ ಬರೆದೆ. ಪಕ್ಕದ ಮನೆಯ ಮಾಮಿ ಎಷ್ಟು ಸಾಲ ಮಾಡಿದ್ದಾರೆ, ಯಾರಿಂದ, ಮಗಳ ಬಳೆ ಅಡವಿಟ್ಟದ್ದು, ಎಲ್ಲ ಅದರಲ್ಲಿತ್ತು. ಹೆಸರು ಹಾಕಿಲ್ಲ. ಫೋಟೋದಲ್ಲಿ ಅವರ ಮನೆಯ ಬಾಗಿಲು ಮಾತ್ರ ಇದೆ, ಮುಖವಿಲ್ಲ. ಯಾರೋ ಅದರ ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ‘ಕಾಲೇಜಿಗೆ ಹೋಗಿ ಊರಿನ ಮಾನ ಹರಾಜಿಗೆ ಹಾಕಿದಳು’ ಅಂದರು. ಮಾಮಿ ಮಾತು ಬಿಟ್ಟಿದ್ದಾರೆ. ಉಪ್ಪ ‘ಬ್ಲಾಗ್ ಮುಚ್ಚು’ ಅನ್ನುತ್ತಾರೆ. ಕಾಲೇಜಿನಲ್ಲಿ ಬ್ಲಾಗ್ ಮಾಡಿಸಿದ ಮೇಡಂ ಅದನ್ನು ಕ್ಲಾಸಿನಲ್ಲಿ ಓದಿ ಹೊಗಳಿದರು. ಇನ್ನೊಬ್ಬರು ಸ್ಟಾಫ್‌ರೂಮಿಗೆ ಕರೆದು, ‘ನಿನ್ನ ಪ್ರೊಫೈಲಿನಲ್ಲಿ ಕಾಲೇಜಿನ ಹೆಸರಿದೆ, ಎಲ್ಲ ಡಿಲೀಟ್ ಮಾಡು, ಇಲ್ಲದಿದ್ದರೆ ನಾಳೆ ಕ್ಯಾರೆಕ್ಟರ್ ಸರ್ಟಿಫಿಕೇಟಿಗೆ ತೊಂದರೆಯಾದೀತು’ ಅಂದರು. ಗೆಳತಿ ಹೇಳುವುದು, ‘ಬ್ಲಾಗ್ ಈಗ ಯಾರು ಓದ್ತಾರೆ, ರೀಲ್ಸ್ ಮಾಡು’ ಅಂತ. ನನಗೆ ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡುವ ಆಸೆ. ಈ ಬ್ಲಾಗ್ ಮುಂದೆ ನನಗೆ ಅಡ್ಡ ಬರುತ್ತದಾ? ನಾನು ಬರೆದದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೂ ತಪ್ಪು ನನ್ನದೇ ಯಾಕಾಯಿತು?
– ಹೆಸರು ಬೇಡ, ಬೆಂಗ್ರೆ

ಉತ್ತರ: ಬ್ಲಾಗ್ ಮುಚ್ಚಬೇಡಿ. ಆ ಒಂದು ಬರಹವನ್ನು ಮಾತ್ರ ಇವತ್ತೇ ಇಳಿಸಿ. ಬೇಕಿದ್ದರೆ ಈ ಉತ್ತರ ಓದಿ ಮುಗಿಸುವ ಮೊದಲೇ ಇಳಿಸಿ, ಆಮೇಲೆ ಮುಂದೆ ಓದಿ. ನಿಮ್ಮ ಸುತ್ತ ಇರುವವರು ಎಲ್ಲವನ್ನೂ ಅಳಿಸು ಅನ್ನುತ್ತಿದ್ದಾರೆ; ಆ ಸಿಟ್ಟಿಗೆ ನೀವು ಯಾವುದನ್ನೂ ಅಳಿಸಲಾರೆ ಎಂದು ಕೂತಿದ್ದೀರಿ. ಈ ಹಗ್ಗಜಗ್ಗಾಟದಲ್ಲಿ ಮಾಮಿಯ ಮನೆಯ ಬಾಗಿಲು ಇನ್ನೂ ಇಂಟರ್ನೆಟ್ಟಿನಲ್ಲಿ ತೆರೆದೇ ಇದೆ.

ಒಂದಕ್ಷರ ಸುಳ್ಳಿಲ್ಲ ಅನ್ನುತ್ತೀರಿ. ನಂಬುತ್ತೇನೆ. ಆದರೆ ಮಾಮಿ ನಿಮ್ಮನ್ನು ಸುಳ್ಳುಗಾತಿ ಎಂದು ಎಲ್ಲಿ ಕರೆದರು? ನಿಜವಾದದ್ದಕ್ಕೇ ಅವರಿಗೆ ನೋವು. ಸುಳ್ಳಾಗಿದ್ದರೆ ನಕ್ಕು ತಳ್ಳಿಹಾಕುತ್ತಿದ್ದರೋ ಏನೋ. ಕೋರ್ಟಿನ ಮಾತೆತ್ತುವ ಪ್ರಸಂಗ ಇದಲ್ಲ, ಆದರೂ ನೀವು ಪತ್ರಿಕೋದ್ಯಮದ ವಿದ್ಯಾರ್ಥಿನಿಯಾದ್ದರಿಂದ ಹೇಳುತ್ತೇನೆ: ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ ಮಾನನಷ್ಟಕ್ಕೆ ಕೊಟ್ಟಿರುವ ಮೊದಲ ವಿನಾಯಿತಿಯೇ ಸತ್ಯದ್ದು. ಅಲ್ಲೂ ಬರೀ ಸತ್ಯವಾಗಿದ್ದರೆ ಸಾಲದು, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೆ ಅಗತ್ಯವಾಗಿರಬೇಕು. ಮಾಮಿಯ ಮಗಳ ಬಳೆ ಅಡವಿಗೆ ಬಿದ್ದದ್ದು ತಿಳಿದು ಸಾರ್ವಜನಿಕರಿಗೆ ಯಾವ ಹಿತ? ಯೋಚಿಸಿ.

ಇನ್ನು ‘ಹೆಸರು ಹಾಕಿಲ್ಲ, ಮುಖವಿಲ್ಲ’ ಎಂಬ ಸಮಾಧಾನ. ಬೆಂಗಳೂರಿನ ಬಡಾವಣೆಯಲ್ಲಾದರೆ ಅದಕ್ಕೆ ಏನಾದರೂ ಬೆಲೆಯಿತ್ತು. ನಿಮ್ಮೂರು ಎಂಥದ್ದು ಅಂತ ನಿಮಗೆ ನಾನು ಹೇಳಬೇಕಾ? ಒಂದು ಬದಿಗೆ ಫಲ್ಗುಣಿ, ಇನ್ನೊಂದು ಬದಿಗೆ ಸಮುದ್ರ, ನಡುವೆ ಮರಳಿನ ಪಟ್ಟಿ. ರಸ್ತೆಯಲ್ಲಿ ಪೇಟೆಗೆ ಬರುವುದಾದರೆ ತಣ್ಣೀರುಬಾವಿ, ಕೂಳೂರು ಅಂತ ಸುತ್ತಬೇಕು. ಅದಕ್ಕೇ ಮೀನಿನ ಬುಟ್ಟಿಯವರು, ಶಾಲೆಯ ಮಕ್ಕಳು, ಆಸ್ಪತ್ರೆಗೆ ಹೊರಟವರು, ನಿಮ್ಮಂಥ ಕಾಲೇಜಿನವರು ಎಲ್ಲ ಒಂದೇ ಫೆರಿಯಲ್ಲಿ ಎದುರುಬದುರು ಕೂರುವುದು. ಅಲ್ಲಿ ಬಾಗಿಲಿನ ಬಣ್ಣ ಹೇಳಿದರೆ ಸಾಕು, ಯಾರ ಮನೆ ಎಂದು ಮಗುವೂ ಹೇಳುತ್ತದೆ. ನಿಮ್ಮ ಬರಹದಿಂದಾಗಿ ಮಾಮಿ ಮರುದಿನ ಅದೇ ಫೆರಿಯಲ್ಲಿ ಎಲ್ಲರ ಮುಂದೆ ಕೂರಬೇಕಾಯಿತು. ಮಗಳಿಗೆ ಗಂಡು ನೋಡುವ ಮಾತು ನಡೆಯುತ್ತಿದ್ದರೆ ಆ ಬಳೆಯ ಸುದ್ದಿ ಅಲ್ಲಿಗೂ ಮುಟ್ಟುತ್ತದೆ. ಸಾಲ ಕೊಟ್ಟವರ ಕಣ್ಣಿಗೂ ಬೀಳುತ್ತದೆ.

ಇಲ್ಲಿ ಸಾರಾ ಅಬೂಬಕ್ಕರ್ ನೆನಪಾಗುತ್ತಾರೆ. ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಾಳಿ, 2023ರ ಜನವರಿಯಲ್ಲಿ ಇಲ್ಲೇ ತೀರಿಕೊಂಡವರು. ಎಂಬತ್ತರ ದಶಕದ ಮೊದಲಲ್ಲಿ ಅವರ ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ ಬರೆದದ್ದು ತಮ್ಮ ಸುತ್ತಲಿನ ಹೆಣ್ಣುಮಕ್ಕಳ ಪಾಡನ್ನೇ. ತಲಾಖಿನ ಬಗ್ಗೆ ಅಷ್ಟು ನೇರವಾಗಿ ಬರೆದದ್ದಕ್ಕೆ ವಿರೋಧವೂ ಕಡಿಮೆ ಇರಲಿಲ್ಲ. ಆದರೆ ಕಾದಂಬರಿಯ ನಾದಿರಾಳ ಮನೆಗೆ ಬಾಗಿಲಿನ ಫೋಟೋ ಇರಲಿಲ್ಲ. ಬಂದ ಸಿಟ್ಟೆಲ್ಲ ಬರೆದವರ ಮೇಲೆ ಬಂತು, ಅವರು ಅದನ್ನು ಎದುರಿಸಿದರು. ನಿಮ್ಮ ಪ್ರಸಂಗದಲ್ಲಿ ಅರ್ಧ ಸಿಟ್ಟು ನಿಮ್ಮ ಮೇಲೆ, ಅರ್ಧ ಮುಜುಗರ ಮಾಮಿಯ ಮೇಲೆ. ಮಾಮಿಯ ಪಾಲಿನ ಅರ್ಧವೇ ಅನ್ಯಾಯ. ಬರೆದದ್ದರ ಬಿಸಿ ಬರೆದವಳಿಗೆ ತಟ್ಟಲಿ, ಅದನ್ನು ತಾಳುವ ಶಕ್ತಿ ನಿಮಗಿದೆ ಎಂದು ನಿಮ್ಮ ಪತ್ರ ನೋಡಿದರೆ ಗೊತ್ತಾಗುತ್ತದೆ.

ಹಾಗಾಗಿ ಮೊದಲ ಕೆಲಸ ಮಾಮಿಯ ಮನೆಗೆ ಹೋಗುವುದು. ಬರಹ ಇಳಿಸಿದ ಮೇಲೆ ಹೋಗಿ, ‘ಇಳಿಸಲಾ?’ ಎಂದು ಕೇಳಲು ಹೋಗಬೇಡಿ. ಉಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿ. ಫೋನು ಮನೆಯಲ್ಲೇ ಇರಲಿ. ಬಡತನದ ಬಗ್ಗೆ ಸಮಾಜಕ್ಕೆ ತಿಳಿಯಬೇಕಿತ್ತು, ಮೇಡಂ ಹೊಗಳಿದರು, ಇವೆಲ್ಲ ಅಲ್ಲಿ ಬೇಡ. ಕೇಳದೆ ಬರೆದೆ, ತಪ್ಪಾಯಿತು, ತೆಗೆದಿದ್ದೇನೆ, ಅಷ್ಟು ಸಾಕು. ಅವರು ಬಯ್ದರೆ ಬಯ್ಯಿಸಿಕೊಳ್ಳಿ. ಬಾಗಿಲು ತೆರೆಯದಿದ್ದರೆ ಇನ್ನೊಂದು ದಿನ ಹೋಗಿ. ಇಷ್ಟಕ್ಕೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆ ನಾನು ಕೊಡಲಾರೆ. ಕೆಲವರು ಮಾತಾಡಲು ವರ್ಷ ತೆಗೆದುಕೊಳ್ಳುತ್ತಾರೆ.

ಆ ಬರಹದ ವಿಷಯ ಬಿಡಬೇಕು ಎಂದಲ್ಲ. ನೀವು ಆರಿಸಿದ ವಿಷಯ ಬಹಳ ಒಳ್ಳೆಯದು, ಆದರೆ ಹಿಡಿದ ದಾರಿ ಸುಲಭದ್ದಾಯಿತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳೂ 10 ಅಶ್ವಶಕ್ತಿಗಿಂತ ಮೇಲಿನ ಎಂಜಿನಿನ ದೋಣಿಗಳೂ ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಈ ನಿಯಮ. ಅದು ಬೇಕೇ ಬೇಕು. ಆದರೆ ಬೋಟಿಗೆ ಹೋಗುವವರಿಗೆ ಬರುವುದು ಹಿಡಿದ ಮೀನಿನ ಪಾಲು, ಬತ್ತೆ. ಬೋಟು ಧಕ್ಕೆಯಲ್ಲಿ ಕಟ್ಟಿದ ದಿನ ಅದೂ ನಿಲ್ಲುತ್ತದೆ. ಇದಕ್ಕೆ ಉಳಿತಾಯ ಮತ್ತು ಪರಿಹಾರ ಯೋಜನೆ ಅಂತ ಒಂದಿದೆ. ಮತ್ಸ್ಯ ಸಂಪದ ಯೋಜನೆಯ ಲೆಕ್ಕದಲ್ಲಿ ಮೀನುಗಾರ 1,500 ರೂಪಾಯಿ ಕಟ್ಟಬೇಕು, ಸರ್ಕಾರಗಳು 3,000 ಸೇರಿಸುತ್ತವೆ, ಒಟ್ಟು 4,500 ರೂಪಾಯಿಯನ್ನು ಮೂರು ತಿಂಗಳಿಗೆ ಹಂಚಿ ಕೊಡುವುದು. ತಿಂಗಳಿಗೆ 1,500 ಬಿತ್ತು! ಅದರಲ್ಲೂ ಮೂರರಲ್ಲಿ ಒಂದು ಪಾಲು ಅವರದೇ ದುಡ್ಡು. ಅದು ಸಿಗಬೇಕಾದರೂ ಮೀನುಗಾರರ ಸಹಕಾರ ಸಂಘದ ಸದಸ್ಯತ್ವ ಬೇಕು.

ಈಗ ಕೇಳಿಕೊಳ್ಳಿ: ಬೆಂಗ್ರೆಯಲ್ಲಿ ಎಷ್ಟು ಮನೆಗಳಿಗೆ ಇದು ಬಂತು? ಯಾವ ತಿಂಗಳಲ್ಲಿ ಬಂತು, ಮಳೆಗಾಲ ಮುಗಿದ ಮೇಲೋ? ಗಂಡಸಿಲ್ಲದ ಮನೆಯ ಹೆಂಗಸು ಮೀನು ಒಣಗಿಸಿ ಬದುಕುವವಳಾದರೆ ಅವಳ ಹೆಸರು ಯಾವ ಪಟ್ಟಿಯಲ್ಲಿದೆ? ಮೀನುಗಾರಿಕೆ ಇಲಾಖೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಲಿಖಿತ ಉತ್ತರ ಬರುತ್ತದೆ. ಅಲ್ಲಿಗೆ ನಾಚಿಕೆ ಪಡಬೇಕಾದವರು ಯಾರು ಎನ್ನುವುದೇ ಬದಲಾಗುತ್ತದೆ. ಮಾಮಿಯ ಸಾಲದ ಮೊತ್ತ ಇಲ್ಲದೆಯೂ ಆ ಲೇಖನ ನಿಲ್ಲುತ್ತದೆ, ಮೊದಲಿನದಕ್ಕಿಂತ ಗಟ್ಟಿಯಾಗಿ. ಮನುಷ್ಯರ ಮಾತು ಬೇಕೇ ಬೇಕು ಅನ್ನಿಸಿದರೆ ತಮ್ಮ ಬಗ್ಗೆ ಹೇಳಲು ಒಪ್ಪುವವರನ್ನು ಹುಡುಕಿ, ಬರೆದದ್ದನ್ನು ಹಾಕುವ ಮೊದಲು ಬ್ಯಾರಿಯಲ್ಲಿ ಅವರಿಗೆ ಓದಿ ಹೇಳಿ. ಬೇಡ ಅಂದ ಸಾಲನ್ನು ತೆಗೆಯಿರಿ. ಯಾರಿಗೆ ಗೊತ್ತು, ಮುಂದೊಂದು ದಿನ ಮಾಮಿಯೇ ‘ನನ್ನದೂ ಬರಿ’ ಅಂದಾರು. ಅನ್ನದಿದ್ದರೆ ಇಲ್ಲ.

ವಾಟ್ಸ್‌ಆ್ಯಪ್ ಗುಂಪಿನಲ್ಲಿ ಉತ್ತರ ಕೊಡಲು ಹೋಗಬೇಡಿ. ಅಲ್ಲಿ ನಿಮ್ಮ ವಿವರಣೆಯೂ ಇನ್ನೊಂದು ಸ್ಕ್ರೀನ್‌ಶಾಟ್ ಆಗುತ್ತದೆ, ಅಷ್ಟೇ. ಒಂದು ಎಚ್ಚರಿಕೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಒಂದು ಫೋಟೋ ಹೊಳೆ ದಾಟುವಷ್ಟರಲ್ಲಿ ಅದರ ಕೆಳಗಿನ ಬರಹ ಬದಲಾಗಿರುತ್ತದೆ. ಕಸಬಾ ಬೆಂಗ್ರೆಯ ಬ್ಯಾರಿ ಹುಡುಗಿ, ತೋಟ ಬೆಂಗ್ರೆಯ ಮೊಗವೀರ ಹುಡುಗ ಫೆರಿಯಲ್ಲಿ ಒಟ್ಟಿಗೆ ಕೂತ ಚಿತ್ರ ನಿಮಗೆ ನಿತ್ಯದ ನೋಟ. ದೂರದಲ್ಲಿ ಕೂತ ಯಾರಿಗೋ ಅದು ಬೆಂಕಿ ಹಚ್ಚಲು ಸಿಕ್ಕ ಸಾಮಾನು. ಜನ ಗುರುತಾಗುವ ಚಿತ್ರ ಹಾಕುವಾಗ ಇದು ನೆನಪಿರಲಿ. ಬೆದರಿಕೆ ಬಂದರೆ, ನಿಮ್ಮ ಚಿತ್ರ ತಿರುಚಿ ಹಾಕಿದರೆ, ಸುಮ್ಮನಿರಬೇಡಿ: ತಾರೀಖು, ನಂಬರು ಕಾಣುವಂತೆ ಉಳಿಸಿಟ್ಟುಕೊಂಡು ಸೈಬರ್ ಅಪರಾಧ ನೋಡಿಕೊಳ್ಳುವ ನಗರದ ಸೆನ್ ಠಾಣೆಗೆ ಹೋಗಿ, ಇಲ್ಲವೇ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡಿ. ರಾತ್ರಿ ನಿದ್ದೆ ಬರದಷ್ಟು ಕಾಡಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಕಾಲೇಜಿನ ಮಾತಿಗೆ ಬರೋಣ. ಪ್ರೊಫೈಲಿನಿಂದ ಕಾಲೇಜಿನ ಹೆಸರು ತೆಗೆಯಿರಿ. ಅದು ನಿಮ್ಮ ಬ್ಲಾಗ್, ಕಾಲೇಜಿನದ್ದಲ್ಲ. ಹೆಸರು ಹಾಕಿಕೊಂಡಷ್ಟೂ ಕಾಲ ‘ನಮ್ಮ ಹೆಸರು’ ಎನ್ನುವ ಹಕ್ಕು ಅವರಿಗಿರುತ್ತದೆ. ಹೆಸರು ತೆಗೆದ ಮೇಲೂ ‘ಎಲ್ಲ ಡಿಲೀಟ್ ಮಾಡು’ ಅಂದರೆ ವಿನಯದಿಂದಲೇ ಬರವಣಿಗೆಯಲ್ಲಿ ಕೇಳಿ: ಯಾವ ಬರಹ, ಯಾವ ಸಾಲು, ಯಾವ ನಿಯಮ. ಸ್ಟಾಫ್‌ರೂಮಿನಲ್ಲಿ ಬಾಯಲ್ಲಿ ಬಂದ ಎಷ್ಟೋ ಆದೇಶಗಳು ಕಾಗದಕ್ಕೆ ಇಳಿಯುವುದೇ ಇಲ್ಲ. ಕ್ಯಾರೆಕ್ಟರ್ ಸರ್ಟಿಫಿಕೇಟ್ ತಡೆಯುತ್ತೇನೆ ಎನ್ನುವ ಮಾತು ಬೆದರಿಕೆಯ ಮಟ್ಟಕ್ಕೆ ಹೋದರೆ, ಯುಜಿಸಿಯ 2023ರ ನಿಯಮಗಳ ಪ್ರಕಾರ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಕಾಲೇಜಿನಲ್ಲೇ ಇರಬೇಕು. ಅಲ್ಲಿ ಆಗದಿದ್ದರೆ ವಿಶ್ವವಿದ್ಯಾಲಯದ ಮಟ್ಟದಲ್ಲಿ ಒಂಬುಡ್ಸ್‌ಪರ್ಸನ್ ಇರುತ್ತಾರೆ. ಆದರೆ ಅಲ್ಲಿಗೆ ಹೋಗುವ ಮೊದಲು ನಿಮ್ಮ ಬ್ಲಾಗ್ ಮಾಡಿಸಿದ ಮೇಡಂ ಹತ್ತಿರ ಕೂತು ಮಾತಾಡಿ. ಅವರಿಗೂ ಇದರಲ್ಲಿ ಪಾಲಿದೆ. ಕ್ಲಾಸಿನಲ್ಲಿ ಓದಿ ಹೊಗಳುವಾಗ ‘ಮಾಮಿಯನ್ನು ಕೇಳಿದ್ದೀಯಾ?’ ಎಂದು ಅವರು ಕೇಳಬೇಕಿತ್ತು.

ಗೆಳತಿಯ ಮಾತು ಅರ್ಧ ನಿಜ. ಕನ್ನಡದಲ್ಲಿ ಬ್ಲಾಗುಗಳಿಗೆ ಒಂದು ಸುಗ್ಗಿಯ ಕಾಲವಿತ್ತು. 2005ರಲ್ಲಿ ‘ಸಂಪದ’ ಬಂತು, 2007ರ ಹೊತ್ತಿಗೆ ‘ಕೆಂಡಸಂಪಿಗೆ’, ‘ಅವಧಿ’. ಹಾಸ್ಟೆಲಿನಲ್ಲಿ ಕೂತು ಬರೆದ ಎಷ್ಟೋ ಹುಡುಗ ಹುಡುಗಿಯರು ಅಲ್ಲಿ ಬೆಳೆದರು. ಆಮೇಲೆ ಜನ ಫೇಸ್‌ಬುಕ್ಕಿಗೆ ಹೋದರು, ಈಗ ರೀಲ್ಸ್. ರೀಲ್ಸ್ ಬೇಡ ಎನ್ನುವ ಹಟ ನನಗಿಲ್ಲ. ಬೂತಾಯಿ ಬಲೆ ಎಳೆಯುವುದನ್ನು ಬರೆದು ತೋರಿಸುವುದಕ್ಕಿಂತ ಅರ್ಧ ನಿಮಿಷದ ವಿಡಿಯೋದಲ್ಲಿ ತೋರಿಸುವುದು ಮೇಲು. ಆದರೆ ಉಳಿಯಬೇಕಾದ್ದನ್ನು ಅಲ್ಲಿ ಇಡಬೇಡಿ. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿದ್ದವರ ಕೆಲಸವೆಲ್ಲ ಒಂದೇ ಸಲಕ್ಕೆ ಕಣ್ಮರೆಯಾಯಿತು. ನಮ್ಮ ಬಲ್ಮಠದ ಅತ್ರಿ ಬುಕ್ ಸೆಂಟರ್ ನಿಮಗೆ ನೆನಪಿರಲಾರದು, ನೀವು ಚಿಕ್ಕವರು. 1975ರಲ್ಲಿ ಶುರುಮಾಡಿದ ಆ ಅಂಗಡಿಯನ್ನು ಅಶೋಕವರ್ಧನ ಅವರು 2012ರಲ್ಲಿ ಮುಚ್ಚಿದರು. ಆದರೆ ತಮ್ಮ ಜಾಲತಾಣದಲ್ಲಿ ಯಕ್ಷಗಾನ, ಚಾರಣ, ಸೈಕಲ್ ಸುತ್ತಾಟ ಎಂದು ಉದ್ದುದ್ದ ಬರೆಯುತ್ತಲೇ ಹೋದರು. ಹೇಗೆ ಬರೆದರೆ ಬ್ಲಾಗ್ ಒಂದು ಊರಿನ ದಾಖಲೆಯಾಗುತ್ತದೆ ಎಂದು ನೋಡಬೇಕಿದ್ದರೆ ಅದನ್ನು ಓದಿ. ಅದಕ್ಕೆಲ್ಲ ಮೊದಲು ಇನ್ನೊಂದು ಕೆಲಸ: ನಿಮ್ಮ ಬ್ಲಾಗಿನ ಪೂರ್ತಿ ಪ್ರತಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಡಿ, ಒಂದು ಸಲ ಕಾಗದದ ಮೇಲೂ ತೆಗೆಸಿ. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಇದೇ ಊರಿನಿಂದ ಹೊರಡಿಸಿದ ‘ಮಂಗಳೂರು ಸಮಾಚಾರ’ವನ್ನು ಇವತ್ತೂ ಓದಬಹುದು, ಹಾಳೆಗಳು ಉಳಿದಿವೆ. ಹದಿನೈದು ವರ್ಷ ಹಿಂದಿನ ಎಷ್ಟೋ ಕನ್ನಡ ಬ್ಲಾಗುಗಳ ವಿಳಾಸ ಒತ್ತಿದರೆ ಏನೂ ತೆರೆಯುವುದಿಲ್ಲ.

ಮೀನಿನ ಹೆಸರು, ಬ್ಯಾರಿ ಶಬ್ದ ಎಂದಿರಲ್ಲ, ನಿಮ್ಮ ಬ್ಲಾಗಿನಲ್ಲಿ ಬೆಲೆಬಾಳುವುದು ಅದೇ ಎಂದು ನನ್ನ ಲೆಕ್ಕ. ಬಂಗುಡೆ, ಅಂಜಲ್, ಮಾಂಜಿ, ಕಾಣೆ, ನಂಗ್ ಇವು ಪೇಟೆಯವರಿಗೂ ಗೊತ್ತು. ಬಲೆಯ ಭಾಗಗಳಿಗೆ, ಗಾಳಿಯ ದಿಕ್ಕಿಗೆ, ಮೀನು ಕೆಟ್ಟದ್ದರ ಹಂತಗಳಿಗೆ ನಿಮ್ಮ ಮನೆಯಲ್ಲಿ ಏನನ್ನುತ್ತಾರೆ? ಕಡಲಿನಲ್ಲಿ ಪಳಗಿದ ಉಪ್ಪ ಮನೆಯಲ್ಲೇ ಇದ್ದಾರೆ. ಎಪ್ಪತ್ತರ ದಶಕದ ನಡುವಲ್ಲಿ ಪರ್ಸೀನ್ ಬಂದ ಮೇಲೆ ರಂಪಣಿ ಬಲೆ ಮೂಲೆ ಸೇರಿತು. ರಂಪಣಿ ಎಳೆದ ಕೈಗಳು ಬೆಂಗ್ರೆಯ ಯಾವ ಮನೆಗಳಲ್ಲಿವೆ ಎಂದು ಅವರನ್ನೇ ಕೇಳಿ, ಆ ಹಿರಿಯರು ಇರುವಾಗಲೇ ಶಬ್ದಗಳನ್ನು ಬರೆದಿಟ್ಟುಕೊಳ್ಳಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ, ಪಟ್ಟಿ ಬೆಳೆದ ಮೇಲೆ ಅಲ್ಲಿನವರಿಗೆ ತೋರಿಸಿ. ವಿಕಿಪೀಡಿಯಾದಲ್ಲೂ ಕೈಯಾಡಿಸಿ. ನಮ್ಮ ತುಳುವಿನವರು ವರ್ಷಗಟ್ಟಲೆ ಲೇಖನ ಸೇರಿಸಿ ಸೇರಿಸಿ 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯಾ ತೆರೆಸಿಕೊಂಡರು. ಅದರ ಹಿಂದೆ ಇಲ್ಲಿನ ಕಾಲೇಜು ಮಕ್ಕಳ ದುಡಿಮೆಯೂ ಇದೆ. ಅಲ್ಲಿ ‘ನಮ್ಮ ಅಜ್ಜಿ ಹೇಳಿದ್ದು’ ನಡೆಯುವುದಿಲ್ಲ, ಅಚ್ಚಾದ ಆಧಾರ ಕೊಡಬೇಕು. ಬ್ಲಾಗಿನಲ್ಲಿ ಕೇಳಿದ್ದನ್ನು ಬರೆಯುವುದು, ಅಲ್ಲಿ ಓದಿದ್ದನ್ನು ಬರೆಯುವುದು, ಎರಡನ್ನೂ ಮಾಡಿದವರಿಗೆ ಎಂ.ಎ. ತರಗತಿಯಲ್ಲಿ ಸಂಶೋಧನಾ ವಿಧಾನದ ಪಾಠ ಹೊಸದಾಗಿ ಕಲಿಯಬೇಕಾಗಿಲ್ಲ.

ಎಂ.ಎ.ಗೆ ಬ್ಲಾಗ್ ಅಡ್ಡಿಯಾಗುವುದಿಲ್ಲ. ಪತ್ರಿಕೋದ್ಯಮವನ್ನೇ ತೆಗೆದುಕೊಳ್ಳುವುದಾದರೆ ಬರೆದ ಕೈ ಎಂದು ಗೊತ್ತಾಗುವುದು ಒಳ್ಳೆಯದೇ. ಒಂದು ಸಣ್ಣ ಹೊಂಡ ಮಾತ್ರ ಇದೆ, ತುಂಬ ಜನ ಬೀಳುತ್ತಾರೆ. ಮುಂದೆ ನೀವು ಬೆಂಗ್ರೆಯ ಮೇಲೇ ಪ್ರಬಂಧ ಬರೆದು ಬ್ಲಾಗಿನ ಪುಟಗಳನ್ನು ಹಾಗೇ ಎತ್ತಿ ಹಾಕಿದರೆ, ಹೋಲಿಕೆ ಪತ್ತೆಹಚ್ಚುವ ಸಾಫ್ಟ್‌ವೇರ್ ಅದನ್ನು ನಕಲು ಎಂದೇ ತೋರಿಸೀತು. ಬರೆದವರು ನೀವೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಯುಜಿಸಿಯ 2018ರ ನಿಯಮದಲ್ಲಿ ಹೋಲಿಕೆ ನೂರಕ್ಕೆ ಹತ್ತು ದಾಟಿದರೆ ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕಾಗುತ್ತದೆ. ನಿಮ್ಮದೇ ಬರಹವನ್ನೂ ಬೇರೆಯವರದ್ದರಂತೆ ಉಲ್ಲೇಖಿಸಿ, ಮಾರ್ಗದರ್ಶಕರಿಗೆ ಮೊದಲೇ ತಿಳಿಸಿ.

ಉಪ್ಪನ ವಿಷಯ ಕೊನೆಗೆ ಇಟ್ಟೆ, ಸುಲಭವೆಂದಲ್ಲ. ಅವರು ಬೋಟಿಗೆ ಹೋಗುವುದು ಆ ವಾಟ್ಸ್‌ಆ್ಯಪ್ ಗುಂಪಿನಲ್ಲಿರುವವರ ಜೊತೆಗೇ. ಕಡಲಿನ ನಡುವೆ ದಿನಗಟ್ಟಲೆ ಅದೇ ಮುಖಗಳು, ಅದೇ ಕುಹಕ. ಅಲ್ಲಿಂದ ಎದ್ದು ಎಲ್ಲಿಗೆ ಹೋಗುವುದು? ‘ಮುಚ್ಚು’ ಎನ್ನುವುದರಲ್ಲಿ ಹಟಕ್ಕಿಂತ ದಣಿವು ಹೆಚ್ಚಿರಬಹುದು. ನೀವು ಬರೆದದ್ದರಲ್ಲಿ ಅವರು ಕಂಡದ್ದು ಆ ಒಂದು ಸ್ಕ್ರೀನ್‌ಶಾಟ್ ಮಾತ್ರ ಎಂದು ನನ್ನ ಊಹೆ. ಮಾಮಿಯ ಮನೆಗೆ ಹೋಗಿ ಬಂದ ಮೇಲೆ, ಮೀನಿನ ಹೆಸರಿನ ಬರಹ ಒಂದನ್ನು ತೆಗೆದು ಅವರಿಗೆ ಓದಿ ಹೇಳಿ. ತಪ್ಪು ಹಿಡಿಯುತ್ತಾರೆ, ಖಂಡಿತ ಹಿಡಿಯುತ್ತಾರೆ. ತಿದ್ದಿಕೊಳ್ಳಿ, ತಿದ್ದಿದವರು ಯಾರು ಎಂದು ಅವರೊಪ್ಪಿದರೆ ಬ್ಲಾಗಿನಲ್ಲೇ ಹಾಕಿ.

ಈ ಅಂಕಣ ಓದುವ ಅಧ್ಯಾಪಕರಿಗೂ ಒಂದು ಕೋರಿಕೆ. ಮಾರ್ಕಿಗಾಗಿ ಮಕ್ಕಳಿಂದ ಬ್ಲಾಗ್ ಮಾಡಿಸುವುದು ಈಗ ಎಷ್ಟೋ ಕಾಲೇಜುಗಳಲ್ಲಿ ರೂಢಿ. ಖಾತೆ ತೆರೆಯುವುದು, ಫೋಟೋ ಏರಿಸುವುದು, ಲಿಂಕ್ ಕಳಿಸುವುದು ಕಲಿಸುತ್ತೀರಿ. ಯಾರನ್ನು ಕೇಳಿ ಬರೆಯಬೇಕು, ಏನನ್ನು ಬಿಡಬೇಕು ಎಂಬುದಕ್ಕೂ ಒಂದು ತರಗತಿ ಇಡಿ. ಮಾರ್ಕು ಕೊಟ್ಟ ಮೇಲೆ ಬರೆಯುತ್ತಲೇ ಇರುವ ಒಬ್ಬಿಬ್ಬರಿದ್ದರೆ ಅವರನ್ನು ಸ್ಟಾಫ್‌ರೂಮಿಗೆ ಕರೆಯುವ ಮೊದಲು ಅವರ ಬ್ಲಾಗನ್ನು ಪೂರ್ತಿ ಓದಿ.